ಹೊಡೆದು ಹಾಕಿದ್ದು ಸೊನ್ನೆಯನ್ನೇ ಅಲ್ವಾ? ಬಾಗಲಕೋಟೆಯ ಒಬ್ಬ ಪಿಯುಸಿ ವಿದ್ಯಾರ್ಥಿನಿ ಲಿಮಿಟ್ ಕಲಿತ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇದು ಅಲ್ಲಿಗೆ ಬಂದ ಒಬ್ಬ ಹುಡುಗಿಯ ಪ್ರಕರಣ. ಬೀಳಗಿ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆ ಅಂಕ ಬಂದಿದ್ದವು. ಆ ಧೈರ್ಯದ ಮೇಲೆ ವಿಜ್ಞಾನ ತೆಗೆದುಕೊಂಡು, ಇಲ್ಲಿ ಹಾಸ್ಟೆಲ್ ಸೇರಿದ್ದಳು. ಟ್ರಿಗನಾಮೆಟ್ರಿ, ಪರ್ಮ್ಯುಟೇಷನ್ ಎಲ್ಲ ಹೇಗೋ ದಾಟಿದಳು. ಲಿಮಿಟ್ ಪಾಠಕ್ಕೆ ಬಂದು ನಿಂತುಬಿಟ್ಟಳು. ಎಕ್ಸ್ ಒಂದು ಅಂಕಿಯ ಹತ್ತಿರ ಹತ್ತಿರ ಹೋದಂತೆ, ಎಕ್ಸ್ ಇಟ್ಟು ತೆಗೆಯುವ ಬೆಲೆ (ಫಂಕ್ಷನ್) ಯಾವ ಅಂಕಿಯ ಕಡೆ ಹೋಗುತ್ತದೆಯೋ ಅದೇ ಲಿಮಿಟ್.

ನಿಂತಳು ಅಂದರೆ ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ. ಬರುತ್ತಿತ್ತು. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಲೆಕ್ಕ ಬಾರದ ಮಗುವಿನ ತೊಂದರೆ ಎಲ್ಲರಿಗೂ ಕಾಣುತ್ತದೆ. ಲೆಕ್ಕ ಸರಿ ಮಾಡಿ ಪೂರ್ತಿ ಅಂಕ ತೆಗೆದುಕೊಳ್ಳುವ ಮಗುವಿನ ತೊಂದರೆ ಉತ್ತರಪತ್ರಿಕೆಯಲ್ಲಿ ಮುಚ್ಚಿಹೋಗುತ್ತದೆ.

ನಾಲ್ಕು ಉತ್ತರ

ಅವಳು ತಂದಿದ್ದ ಯೂನಿಟ್ ಟೆಸ್ಟ್ ಪತ್ರಿಕೆಯಲ್ಲಿ ಲಿಮಿಟ್‌ನ ನಾಲ್ಕು ಲೆಕ್ಕ ಇದ್ದವು.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಎಕ್ಸ್ 2ರ ಹತ್ತಿರ ಹೋದಂತೆ (ಎಕ್ಸ್² − 4)/(ಎಕ್ಸ್ − 2) ಎಲ್ಲಿಗೆ ಹೋಗುತ್ತದೆ? ಮೇಲಿನದನ್ನು (ಎಕ್ಸ್ − 2)(ಎಕ್ಸ್ + 2) ಎಂದು ಬಿಡಿಸಿ, ಮೇಲೆ ಕೆಳಗೆ ಎಕ್ಸ್ − 2 ಹೊಡೆದು ಹಾಕಿ, ಉಳಿದ ಎಕ್ಸ್ + 2ರಲ್ಲಿ 2 ಇಟ್ಟು, 4 ಎಂದು ಬರೆದಿದ್ದಳು. ಪೂರ್ತಿ ಅಂಕ.

ಎರಡನೆಯದು, ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಸೈನ್ 5ಎಕ್ಸ್ / ಸೈನ್ 3ಎಕ್ಸ್. ಉತ್ತರ 5/3. ಇದಕ್ಕೂ ಪೂರ್ತಿ ಅಂಕ.

ಮೂರನೆಯದರಲ್ಲಿ ಒಂದು ಫಂಕ್ಷನ್ ಎರಡು ತುಂಡಾಗಿತ್ತು. ಎಕ್ಸ್ 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಕ್ಸ್² − 1. 1ಕ್ಕಿಂತ ಜಾಸ್ತಿ ಇದ್ದರೆ −ಎಕ್ಸ್² − 1. ಎಕ್ಸ್ 1ರ ಹತ್ತಿರ ಹೋದಾಗ ಲಿಮಿಟ್ ಎಷ್ಟು? ಅವಳು ಬರೆದದ್ದು 0. ತಪ್ಪು.

ನಾಲ್ಕನೆಯದು |ಎಕ್ಸ್|/ಎಕ್ಸ್. |ಎಕ್ಸ್| ಅಂದರೆ ಮೈನಸ್ ಚಿಹ್ನೆ ಬಿಟ್ಟ ಎಕ್ಸ್. ಎಕ್ಸ್ ಸೊನ್ನೆಯಾದಾಗ ಮಾತ್ರ ಬೆಲೆ 0 ಎಂದು ಪ್ರಶ್ನೆಯಲ್ಲೇ ಕೊಟ್ಟಿತ್ತು. ಸೊನ್ನೆಯಲ್ಲಿ ಲಿಮಿಟ್ ಕೇಳಿದ್ದರು. ಮತ್ತೆ 0 ಎಂದು ಬರೆದಿದ್ದಳು. ಅದೂ ತಪ್ಪು. ಈ ಎರಡೂ ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲೇ ಇರುವ ಲೆಕ್ಕಗಳು. ನಮ್ಮ ಪಿಯುಗೂ ಅದೇ ಪುಸ್ತಕ.

ಪತ್ರಿಕೆ ತಿದ್ದಿದವರು ಎರಡು ಸರಿ, ಎರಡು ತಪ್ಪು ಎಂದು ಎಣಿಸಿದ್ದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಎಡ-ಬಲ ನೋಡು’ ಎಂದಷ್ಟೇ ಇತ್ತು. ಆದರೆ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ. ಅವಳು ನಾಲ್ಕರಲ್ಲೂ ಮಾಡಿದ್ದು ಒಂದೇ ಕೆಲಸ. ಆ ಅಂಕಿಯನ್ನು ತೆಗೆದುಕೊಂಡು ಫಂಕ್ಷನ್‌ನಲ್ಲಿ ಇಟ್ಟಿದ್ದಳು. ಇಟ್ಟಾಗ 0/0 ಬಂದರೆ ಏನನ್ನಾದರೂ ಹೊಡೆದು ಹಾಕಿ ಮತ್ತೆ ಇಟ್ಟಿದ್ದಳು. ಮೂರನೆಯದರಲ್ಲಿ 1 ಇಟ್ಟರೆ 0 ಬರುತ್ತದೆ. ನಾಲ್ಕನೆಯದರಲ್ಲಿ 0 ಇಟ್ಟರೆ 0 ಎಂದು ಅವರೇ ಹೇಳಿದ್ದಾರೆ. ಅವಳ ಮಟ್ಟಿಗೆ ನಾಲ್ಕೂ ಸರಿಯೇ. ಲಿಮಿಟ್ ಅಂದರೆ ಆ ಬಿಂದುವಿನಲ್ಲಿ ಇರುವ ಬೆಲೆ, ಅದು ಸಿಗದಿದ್ದರೆ ಉಪಾಯ ಮಾಡಿ ಸಿಗಿಸಿಕೊಂಡ ಬೆಲೆ. ಇದು ಅವಳ ತಿಳುವಳಿಕೆ. ಮೊದಲ ಎರಡು ಲೆಕ್ಕದಲ್ಲಿ ಇದೇ ತಿಳುವಳಿಕೆ ಸರಿ ಉತ್ತರ ಕೊಟ್ಟಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳ ತಕರಾರು

ನಾನು ಮೂರನೆಯ ಲೆಕ್ಕದಿಂದ ಶುರು ಮಾಡೋಣ ಅಂದುಕೊಂಡೆ. ಅವಳು ಬೆರಳಿಟ್ಟದ್ದು ಮೊದಲನೆಯದರ ಮೇಲೆ, ಪೂರ್ತಿ ಅಂಕ ಬಂದದ್ದರ ಮೇಲೆ.

‘ಸರ್, ಸೊನ್ನಿಲೆ ಭಾಗಿಸಬಾರ್ದು ಅಂತ ಸಣ್ಣಾಕಿ ಇದ್ದಾಗಿಂದ ಕಲಿಸ್ಯಾರ. ಇಲ್ಲಿ ಮ್ಯಾಲೊಂದು ಕೆಳಗೊಂದು ಹೊಡದ್ ಹಾಕಿದ್ವಿ. ಆಮ್ಯಾಲೆ ಎಕ್ಸ್ ಅಂದ್ರ 2 ಅಂತ ಇಟ್ವಿ. ಹಂಗಾದ್ರ ಹೊಡದ್ ಹಾಕಿದ್ದು ಸೊನ್ನೀನ ಅಲ್ರೀ?’

ಇದನ್ನೇ ತರಗತಿಯಲ್ಲಿ ಕೇಳಿದ್ದಳಂತೆ. ‘ಪರೀಕ್ಷೆಗೆ ಹೀಗೇ ಬರಿ, ಅಂಕ ಬರುತ್ತದೆ’ ಎಂಬ ಉತ್ತರ ಸಿಕ್ಕಿತ್ತು. ಬರೆದಳು, ಅಂಕವೂ ಬಂತು. ಆದರೆ ಆವತ್ತಿನಿಂದ ಈ ಪಾಠದಲ್ಲಿ ಯೋಚನೆ ಮಾಡುವುದನ್ನೇ ಬಿಟ್ಟಿದ್ದಳು. ಇಲ್ಲಿ ಏನೋ ಮೋಸ ಇದೆ, ದೊಡ್ಡವರಿಗೂ ಗೊತ್ತಿದೆ, ಹೇಳುತ್ತಿಲ್ಲ ಎನ್ನುವ ಭಾವನೆ ಅವಳಲ್ಲಿ ಕೂತಿತ್ತು. ಹಾಗಾದ ಮೇಲೆ ಎಡ-ಬಲ ನೋಡು ಎಂದರೆ ಅದೂ ಇನ್ನೊಂದು ಸುಮ್ನೆ ಉರು ಹೊಡೆಯುವ ನಿಯಮ ಅಷ್ಟೇ.

ನನಗೆ ಆ ಪ್ರಶ್ನೆ ಕೇಳಿ ನಿಜಕ್ಕೂ ಖುಷಿಯಾಯಿತು. ಯಾಕೆಂದರೆ ಇದು ಕ್ಯಾಲ್ಕುಲಸ್‌ನ ಇತಿಹಾಸದಲ್ಲೇ ಅತಿ ಮುಖ್ಯವಾದ ತಕರಾರು. ನ್ಯೂಟನ್ ಮತ್ತು ಲೈಬ್ನಿಜ್ 17ನೇ ಶತಮಾನದಲ್ಲಿ ಕ್ಯಾಲ್ಕುಲಸ್, ಅಂದರೆ ಬದಲಾಗುತ್ತಿರುವುದರ ವೇಗದಂಥದ್ದನ್ನು ಲೆಕ್ಕ ಹಾಕುವ ಗಣಿತ, ಕಟ್ಟಿದರು. 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ಇದೇ ಮಾತು ಎತ್ತಿದರು. ಬದಲಾವಣೆ ಅಳೆಯಲು ತೆಗೆದುಕೊಂಡ ಚಿಕ್ಕ ಅಂಕಿ ಭಾಗಿಸುವಾಗ ಸೊನ್ನೆ ಅಲ್ಲ ಅನ್ನುತ್ತೀರಿ, ಭಾಗಿಸಿದ ಮೇಲೆ ಸೊನ್ನೆ ಅನ್ನುತ್ತೀರಿ, ಎರಡೂ ಹೇಗೆ ಆಗುತ್ತದೆ ಎಂದು ಕೇಳಿದರು. ಆ ಕಾಲದ ಗಣಿತಜ್ಞರಲ್ಲಿ ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಲಿಮಿಟ್ ಮೇಲೆ ಕ್ಯಾಲ್ಕುಲಸ್ ನಿಲ್ಲಿಸಿದ ಮೇಲೆ, ಆಮೇಲೆ ಜರ್ಮನಿಯ ವೈಯರ್‌ಸ್ಟ್ರಾಸ್ ಅದನ್ನು ಇನ್ನೂ ಬಿಗಿ ಮಾಡಿದ ಮೇಲೆ ಉತ್ತರ ಸಿಕ್ಕಿತು. ನೂರು ವರ್ಷ ದೊಡ್ಡ ದೊಡ್ಡವರನ್ನು ಕಾಡಿದ ಪ್ರಶ್ನೆ ಹದಿನಾರು ವರ್ಷದ ಹುಡುಗಿಗೆ ತಾನಾಗೇ ಹೊಳೆದಿದೆ. ಅದಕ್ಕೆ ಅಂಕ ಇಲ್ಲ ಅನ್ನುವುದು ಬೇರೆ ಮಾತು.

ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನೂ ಹೇಳಿದೆ. ಭಾಸ್ಕರಾಚಾರ್ಯರ ಊರು ವಿಜಯಪುರದ ಕಡೆಯದು ಎಂದು ನಮ್ಮಲ್ಲಿ ಹೇಳುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದ ಕಡೆಯವರು ಎನ್ನುವ ವಿದ್ವಾಂಸರೂ ಇದ್ದಾರೆ. ಊರು ಯಾವುದೇ ಇರಲಿ, ಅವರು ಹುಟ್ಟಿದ್ದು 1114ರಲ್ಲಿ, ಸಿದ್ಧಾಂತ ಶಿರೋಮಣಿ ಮುಗಿಸಿದ್ದು 1150ರಲ್ಲಿ. ಅದರ ಭಾಗವಾದ ಲೀಲಾವತಿಯಲ್ಲಿ ಅವರು ಒಂದು ನಿಯಮ ಹೇಳುತ್ತಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದ್ದು, ಮುಂದೆ ಸೊನ್ನೆಯಿಂದಲೇ ಭಾಗಿಸುವುದೂ ಬಾಕಿ ಇದ್ದರೆ, ಆ ಸಂಖ್ಯೆ ಬದಲಾಗಲಿಲ್ಲ ಎಂದೇ ತಿಳಿಯಬೇಕು. ಅದಕ್ಕೊಂದು ಲೆಕ್ಕವನ್ನೂ ಕೊಡುತ್ತಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬಂತು, ಆ ಸಂಖ್ಯೆ ಯಾವುದು?

ಅವಳು ನೋಟ್‌ಬುಕ್‌ನಲ್ಲೇ ಮಾಡಿದಳು. ಸೊನ್ನೆಗೆ ಸೊನ್ನೆ ಹೊಡೆದು ಹಾಕಿದರೆ ಉಳಿಯುವುದು ಒಂದೂವರೆ ಪಟ್ಟು, ಅದರ ಮೂರು ಪಟ್ಟು, ಅಂದರೆ ನಾಲ್ಕೂವರೆ ಪಟ್ಟು 63. ಸಂಖ್ಯೆ 14. ಭಾಸ್ಕರಾಚಾರ್ಯರ ಉತ್ತರವೂ 14.

‘ಇವ್ರೂ ಹೊಡದ್ ಹಾಕ್ಯಾರಲ್ರೀ’ ಅಂದಳು.

ಹೌದು. ಇದು ಗ್ರಹಗಣಿತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ ಎಂದೂ ಅವರು ಹೇಳಿದ್ದಾರೆ. ಗ್ರಹದ ಆ ಕ್ಷಣದ ವೇಗ, ಅಂದರೆ ತಾತ್ಕಾಲಿಕ ಗತಿ, ಕಂಡುಹಿಡಿಯಲು ಹೊರಟವರಿಗೆ ಇದು ಬೇಕೇ ಬೇಕು. ಆ ನಿಯಮದ ಒಳಗಿರುವ ಸೊನ್ನೆ ನಿಜವಾದ ಸೊನ್ನೆ ಎಂದು ಹಿಡಿದರೆ ಲೆಕ್ಕ ಬೀಳುತ್ತದೆ. ಸೊನ್ನೆಯ ಕಡೆ ಹೋಗುತ್ತಿರುವ ಒಂದು ಚಿಕ್ಕ ಸಂಖ್ಯೆ ಎಂದು ಹಿಡಿದರೆ ನಿಲ್ಲುತ್ತದೆ. ಅವಳ ಲೆಕ್ಕದಲ್ಲಿಯೂ ವಿಷಯ ಇಷ್ಟೇ.

ಎರಡು ಹೆಜ್ಜೆ, ಎರಡು ಕಾರಣ

ನಾನು ಅವಳಿಗೆ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಈ ಪ್ರಕರಣದ ತಿರುಳು ಇದೇ.

‘ಹೊಡೆದು ಹಾಕು, ಆಮೇಲೆ ಇಡು’ ಎನ್ನುವುದು ಒಂದೇ ಉಸಿರಿನಲ್ಲಿ ಹೇಳುವ ಮಾತಾಗಿಬಿಟ್ಟಿದೆ. ನಿಜವಾಗಿ ಅವು ಎರಡು ಬೇರೆ ಹೆಜ್ಜೆ. ಎರಡಕ್ಕೂ ಬೇರೆ ಬೇರೆ ಕಾರಣ ಇದೆ.

ಮೊದಲ ಹೆಜ್ಜೆ ಹೊಡೆದು ಹಾಕುವುದು. ಇಲ್ಲಿ ಎಕ್ಸ್ 2 ಅಲ್ಲ. 2ರ ಹತ್ತಿರ ಇದೆ, ಎಷ್ಟು ಬೇಕಾದರೂ ಹತ್ತಿರ ಇರಬಹುದು, ಆದರೆ 2 ಅಲ್ಲ. ಲಿಮಿಟ್ ಕೇಳುವ ಪ್ರಶ್ನೆಯೇ 2ರ ಸುತ್ತಮುತ್ತಲಿನದು. 2ರಲ್ಲಿ ಏನಿದೆ ಎಂದು ಅದು ಕೇಳುವುದೇ ಇಲ್ಲ. ಹಾಗಾಗಿ ಎಕ್ಸ್ − 2 ಸೊನ್ನೆ ಅಲ್ಲ, ಅದರಿಂದ ಭಾಗಿಸಬಹುದು. ಭಾಗಿಸಿದ ಮೇಲೆ ಸಿಕ್ಕಿದ್ದು ಏನು? ಎಕ್ಸ್ + 2 ಎನ್ನುವ ಇನ್ನೊಂದು ಫಂಕ್ಷನ್. ಹಳೆಯದು 2ರಲ್ಲಿ ಇಲ್ಲವೇ ಇಲ್ಲ, ಹೊಸದು 2ರಲ್ಲೂ ಇದೆ. ಆ ಒಂದು ಬಿಂದು ಬಿಟ್ಟರೆ ಉಳಿದ ಕಡೆಯೆಲ್ಲ ಎರಡೂ ಒಂದೇ. ಲಿಮಿಟ್ ಆ ಬಿಂದುವನ್ನು ನೋಡುವುದಿಲ್ಲ ಅಂದ ಮೇಲೆ ಎರಡರ ಲಿಮಿಟ್ ಒಂದೇ ಇರಲೇಬೇಕು.

ಎರಡನೆಯ ಹೆಜ್ಜೆ 2 ಇಡುವುದು. ಈಗ ನಾವು ಹಳೆಯ ಫಂಕ್ಷನ್‌ನಲ್ಲಿ 2 ಇಡುತ್ತಿಲ್ಲ. ಎಕ್ಸ್ + 2ರಲ್ಲಿ ಇಡುತ್ತಿದ್ದೇವೆ. ಇಲ್ಲಿ ಭಾಗಾಕಾರವೇ ಇಲ್ಲ, ಸೊನ್ನೆಯ ಭಯವೂ ಇಲ್ಲ. ಆದರೆ ‘ಇಟ್ಟರೆ ಲಿಮಿಟ್ ಸಿಗುತ್ತದೆ’ ಎನ್ನುವುದಕ್ಕೂ ಒಂದು ಕಾರಣ ಬೇಕು ಅಲ್ವಾ? ಬಹುಪದಗಳ (ಎಕ್ಸ್ + 2, ಎಕ್ಸ್² ಥರದವುಗಳ) ವಿಷಯದಲ್ಲಿ ಬೆಲೆ ಮತ್ತು ಲಿಮಿಟ್ ಒಂದೇ ಕಡೆ ಬರುತ್ತವೆ. ಇದು ಸಾಧಿಸಬೇಕಾದ ಸಂಗತಿ. ಸಾಧಿಸಿದ ಮೇಲೆ ಇಡುವುದು ಒಂದು ಸುಲಭದ ದಾರಿ, ಅಷ್ಟೇ.

ಪಿಯು ಪುಸ್ತಕದಲ್ಲಿ ಲಿಮಿಟ್‌ನ ಬಿಗಿಯಾದ ವ್ಯಾಖ್ಯೆ, ಎಪ್ಸಿಲಾನ್-ಡೆಲ್ಟಾ ಎನ್ನುವುದು, ಇಲ್ಲ. ಇರಬೇಕು ಎಂದು ನಾನೂ ಹೇಳುವುದಿಲ್ಲ. ಆದರೆ ಅದರ ಒಳಗಿನ ಸವಾಲ್-ಜವಾಬು ಮಕ್ಕಳಿಗೆ ಸಿಗಲೇಬೇಕು. ಅವಳ ಜೊತೆ ಹಾಸ್ಟೆಲ್‌ನ ಗೆಳತಿಯೂ ಬರುತ್ತಿದ್ದಳು. ಇಬ್ಬರನ್ನೂ ಎದುರು ಬದುರು ಕೂರಿಸಿದೆ. ಎಕ್ಸ್² 2ರ ಹತ್ತಿರ 4ಕ್ಕೆ ಹೋಗುತ್ತದೆ ಎಂದು ಒಬ್ಬಳ ವಾದ. ಇನ್ನೊಬ್ಬಳು ಸವಾಲು ಹಾಕಬೇಕು.

‘4ಕ್ಕೆ 0.01ರ ಒಳಗ ತಂದು ತೋರ್ಸು.’

ಮೊದಲು ಅವಳು ಅಂದಾಜಿನಲ್ಲಿ 2.01 ತೆಗೆದುಕೊಂಡಳು. ವರ್ಗ 4.0401. ಹೊರಗೆ ಹೋಯಿತು. 2.005 ಇಟ್ಟಳು, 4.020025. ಅದೂ ಹೊರಗೆ. ಆಮೇಲೆ ಅಂದಾಜು ಬಿಟ್ಟು ಕಾರಣ ಹುಡುಕಿದೆವು. ಎಕ್ಸ್² − 4 ಅಂದರೆ ಎಕ್ಸ್ − 2 ಮತ್ತು ಎಕ್ಸ್ + 2ರ ಗುಣಲಬ್ಧ. ಎಕ್ಸ್ 1 ಮತ್ತು 3ರ ನಡುವೆ ಇದ್ದರೆ ಎಕ್ಸ್ + 2 ಯಾವತ್ತೂ 5ಕ್ಕಿಂತ ಕಡಿಮೆ. ಹಾಗಾದರೆ ಎಕ್ಸ್ 2ರಿಂದ ಎಷ್ಟು ದೂರ ಇದೆಯೋ ಅದರ ಐದು ಪಟ್ಟಿಗಿಂತ ಜಾಸ್ತಿ ದೂರ ಎಕ್ಸ್² 4ರಿಂದ ಹೋಗಲಾರದು. ಗೆಳತಿ 0.01 ಕೇಳಿದರೆ 0.002ರ ಒಳಗೆ ಇದ್ದರೆ ಸಾಕು. 2.002ರ ವರ್ಗ 4.008004. ಒಳಗೆ ಬಂತು.

ಗೆಳತಿ 0.0001 ಅಂದಳು. ಇವಳು ತಕ್ಷಣ 0.00002 ಅಂದಳು. ಇನ್ನೂ ಚಿಕ್ಕದು ಕೇಳಿದಳು, ಇನ್ನೂ ಚಿಕ್ಕದು ಕೊಟ್ಟಳು. ಆಮೇಲೆ ಗೆಳತಿಯೇ ‘ಬಿಡು, ನಾ ಎಷ್ಟ್ ಕೇಳಿದ್ರೂ ನೀ ಐದರಿಂದ ಭಾಗಿಸಿ ಕೊಡ್ತಿ’ ಎಂದು ಕೈಬಿಟ್ಟಳು. ಲಿಮಿಟ್ 4 ಎನ್ನುವುದರ ಸಾಧನೆ ಇದೇ. ಯಾವ ಸವಾಲಿಗೂ ಜವಾಬು ತಯಾರಿದೆ ಎಂದು ತೋರಿಸುವುದು. ಎಲ್ಲಿಯೂ ಎಕ್ಸ್ ಅನ್ನು 2 ಎಂದು ಇಟ್ಟಿಲ್ಲ, ಸೊನ್ನೆಯಿಂದ ಭಾಗಿಸಿಲ್ಲ. ಬರ್ಕ್ಲಿಗೆ ಕೊಡಬೇಕಿದ್ದ ಉತ್ತರವೂ ಇದೇ.

ಇಷ್ಟೆಲ್ಲ ಯಾಕೆ ಬೇಕು?

ಅವಳು ಆ ಪ್ರಶ್ನೆಯನ್ನೂ ಕೇಳಿದಳು. (ಎಕ್ಸ್² − 4)/(ಎಕ್ಸ್ − 2) ಎಂದು ಯಾರೋ ಬೇಕಂತಲೇ ತೊಂದರೆ ಹುಟ್ಟಿಸಿ, ಆಮೇಲೆ ಬಿಡಿಸು ಅಂದ ಹಾಗಿದೆ ಎಂದಳು. ನ್ಯಾಯವಾದ ಮಾತು. ಆ ಲೆಕ್ಕವನ್ನು ಹಾಗೆ ಬರೆಯಲು ಕಾರಣ ಕಾಣುವುದಿಲ್ಲ.

ಪುಸ್ತಕದ ಪಾಠ ಶುರುವಾಗುವುದು ಬೀಳುವ ಕಲ್ಲಿನಿಂದ. ಹೆಚ್ಚಿನ ಮಕ್ಕಳು ಆ ಪುಟಗಳನ್ನು ಹಾರಿಸಿ ಅಭ್ಯಾಸದ ಲೆಕ್ಕಕ್ಕೆ ಹೋಗುತ್ತಾರೆ. ಇದು ದೊಡ್ಡ ನಷ್ಟ. ಮೇಲಿನಿಂದ ಬಿಟ್ಟ ಕಲ್ಲು ಟಿ ಸೆಕೆಂಡಿನಲ್ಲಿ 4.9ಟಿ² ಮೀಟರ್ ಬೀಳುತ್ತದೆ. ಎರಡನೆಯ ಸೆಕೆಂಡ್ ಮುಗಿದ ಆ ಕ್ಷಣದಲ್ಲಿ ವೇಗ ಎಷ್ಟು? ವೇಗ ಅಂದರೆ ದೂರ ಭಾಗಿಸು ಕಾಲ. ಒಂದು ಕ್ಷಣದಲ್ಲಿ ದೂರ ಸೊನ್ನೆ, ಕಾಲ ಸೊನ್ನೆ. ಇಲ್ಲಿ 0/0 ಯಾರೂ ಹುಟ್ಟಿಸಿದ್ದಲ್ಲ, ಪ್ರಶ್ನೆಯಲ್ಲೇ ಇದೆ. ವಿಜಯಪುರದ ಬಸ್ಸಿನಲ್ಲಿ ಡ್ರೈವರ್ ಮುಂದಿನ ಮುಳ್ಳು 60 ತೋರಿಸುವಾಗ ಅದು ಯಾವ ಎರಡು ಹೊತ್ತಿನ ನಡುವಿನ ಲೆಕ್ಕ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಆಮೇಲೆ ಸರಾಸರಿ ತೆಗೆದೆವು. 2ರಿಂದ 3ನೇ ಸೆಕೆಂಡಿನವರೆಗೆ ಸರಾಸರಿ ವೇಗ 24.5. 2ರಿಂದ 2.1ರವರೆಗೆ 20.09. 2ರಿಂದ 2.01ರವರೆಗೆ 19.649. ಈ ಕಡೆಯಿಂದ 1.9ರಿಂದ 2ರವರೆಗೆ 19.11. ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತಿದೆ. ನಡುವಿನ ಅವಧಿಯನ್ನು ಎಚ್ ಎಂದು ಕರೆದು ಅವಳೇ ಬಿಡಿಸಿದಳು. ಮೇಲೆ ಕೆಳಗೆ ಎಚ್ ಹೊಡೆದು ಹೋಗಿ 19.6 + 4.9ಎಚ್ ಉಳಿಯಿತು. ಹೊಡೆಯುವಾಗ ಪೆನ್ನು ನಿಲ್ಲಿಸಿ, ಪಕ್ಕದಲ್ಲಿ ‘ಎಚ್ ಸೊನ್ನೆ ಅಲ್ಲ’ ಎಂದು ಬರೆದಳು. ನಾನು ಹೇಳಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಲೆಕ್ಕದಲ್ಲೂ ಹಾಗೆ ಬರೆಯುವುದನ್ನು ಅವಳು ಬಿಟ್ಟಿಲ್ಲ.

ತಪ್ಪಾಗಿದ್ದ ಎರಡು ಲೆಕ್ಕ

ಇಷ್ಟಾದ ಮೇಲೆ ಮೂರನೆಯ ಮತ್ತು ನಾಲ್ಕನೆಯ ಲೆಕ್ಕಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಅವಳು ಊರಿಂದ ವಿಜಯಪುರಕ್ಕೆ ಹೋಗುವಾಗ ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ ದಾಟುತ್ತಾಳೆ. ಅಂಥ ಸೇತುವೆಯ ನಡುವಿನ ಒಂದು ಹಾಸು ಇಲ್ಲ ಎಂದುಕೊ ಅಂದೆ. ಎರಡೂ ದಡದಿಂದ ಬಂದ ರಸ್ತೆ ಒಂದೇ ಎತ್ತರದಲ್ಲಿ ಎದುರು ಬದುರು ನಿಂತಿದ್ದರೆ, ಹಾಸು ಎಲ್ಲಿ ಕೂರಬೇಕು ಎಂದು ನೋಡಿದ ಕೂಡಲೇ ಹೇಳಬಹುದು. ಆ ಎತ್ತರವೇ ಲಿಮಿಟ್. ಅಲ್ಲಿ ಹಾಸು ಇದೆಯೋ ಇಲ್ಲವೋ, ಯಾರಾದರೂ ಬೇರೆ ಎತ್ತರದಲ್ಲಿ ಇಟ್ಟಿದ್ದಾರೋ, ಅದು ಲೆಕ್ಕಕ್ಕೆ ಬರುವುದಿಲ್ಲ. ಎರಡು ರಸ್ತೆ ಬೇರೆ ಬೇರೆ ಎತ್ತರಕ್ಕೆ ಬಂದು ನಿಂತಿದ್ದರೆ ಲಿಮಿಟ್ ಇಲ್ಲ.

ಮೂರನೆಯದರಲ್ಲಿ ಎಡದಿಂದ ಬಂದರೆ ಎಕ್ಸ್² − 1 ಸೊನ್ನೆಗೆ ಬರುತ್ತದೆ. ಬಲದಿಂದ ಬಂದರೆ −ಎಕ್ಸ್² − 1 ಮೈನಸ್ 2ಕ್ಕೆ ಬರುತ್ತದೆ. ನಾಲ್ಕನೆಯದರಲ್ಲಿ ಎಡಗಡೆ ಪೂರ್ತಿ ಮೈನಸ್ 1, ಬಲಗಡೆ ಪೂರ್ತಿ 1, ನಡುವೆ ಯಾರೋ 0 ಇಟ್ಟಿದ್ದಾರೆ. ಎರಡಕ್ಕೂ ಲಿಮಿಟ್ ಇಲ್ಲ ಎಂದು ತಾನೇ ಬರೆದಳು. ‘ಎಡ-ಬಲ ನೋಡು’ ಎಂಬ ಕೆಂಪು ಶಾಯಿ ಮಾತಿಗೆ ಈಗ ಅರ್ಥ ಬಂತು.

ಮೊಬೈಲ್‌ನಲ್ಲಿ ಬಂದ 0.01745

ಸೈನ್ ಎಕ್ಸ್ / ಎಕ್ಸ್ ಸೊನ್ನೆಯ ಹತ್ತಿರ 1ಕ್ಕೆ ಹೋಗುತ್ತದೆ ಎನ್ನುವುದನ್ನು ಅಂಕಿ ಇಟ್ಟು ನೋಡಿಕೊಂಡು ಬಾ ಎಂದು ಕಳಿಸಿದ್ದೆ. ಮರುದಿನ ಬಂದವಳ ಮುಖ ಸಪ್ಪಗಿತ್ತು. ಹಾಸ್ಟೆಲ್‌ನಲ್ಲಿ ಯಾರದೋ ಮೊಬೈಲ್ ಇಸಿದುಕೊಂಡು 0.1 ಇಟ್ಟಳಂತೆ, 0.0174533 ಬಂತು. 0.01 ಇಟ್ಟರೂ ಅದೇ. 0.001 ಇಟ್ಟರೂ ಅದೇ. ‘ಪುಸ್ತಕದಾಗ 1 ಅಂತ ಕೊಟ್ಟಾರ, ಇದು 1ರ ಹತ್ರಾನೂ ಇಲ್ರೀ.’

ಮೊಬೈಲ್ ಡಿಗ್ರಿಯಲ್ಲಿತ್ತು. 0.0174533 ಅಂದರೆ ಪೈ ಭಾಗಿಸು 180. ಅವಳು ಕಂಡದ್ದು ತಪ್ಪಲ್ಲ. ಕೋನವನ್ನು ಡಿಗ್ರಿಯಲ್ಲಿ ಅಳೆದರೆ ಆ ಲಿಮಿಟ್ ನಿಜಕ್ಕೂ ಪೈ/180. ರೇಡಿಯನ್‌ನಲ್ಲಿ, ಅಂದರೆ ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿ ಕೋನ ಅಳೆದರೆ ಮಾತ್ರ 1. ರೇಡಿಯನ್ ಯಾಕೆ ಬಂತು ಎಂದು ಟ್ರಿಗನಾಮೆಟ್ರಿ ಪಾಠದಲ್ಲಿ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಉತ್ತರ ಇಲ್ಲಿದೆ. ತ್ರಿಜ್ಯ 1 ಇರುವ ವೃತ್ತದಲ್ಲಿ ಎಕ್ಸ್ ಕೋನದ ಹೋಳಿನ ವಿಸ್ತೀರ್ಣ ಎಕ್ಸ್/2 ಎನ್ನುವುದು ರೇಡಿಯನ್‌ನಲ್ಲಿ ಮಾತ್ರ ನಿಜ. ಆ ಹೋಳು ಒಳಗಿನ ತ್ರಿಕೋನಕ್ಕಿಂತ ದೊಡ್ಡದು, ಹೊರಗಿನ ತ್ರಿಕೋನಕ್ಕಿಂತ ಚಿಕ್ಕದು. ಅದರಿಂದ ಸೈನ್ ಎಕ್ಸ್ / ಎಕ್ಸ್ ಎನ್ನುವುದು ಕಾಸ್ ಎಕ್ಸ್ ಮತ್ತು 1ರ ನಡುವೆ ಸಿಕ್ಕಿಬೀಳುತ್ತದೆ. ಎಕ್ಸ್ ಸೊನ್ನೆಯ ಕಡೆ ಹೋದಂತೆ ಕಾಸ್ ಎಕ್ಸ್ ಕೂಡ 1ಕ್ಕೆ ಬರುತ್ತದೆ, ನಡುವಿನದಕ್ಕೆ ಬೇರೆ ದಾರಿ ಇಲ್ಲ. ಚಿತ್ರ ಬರೆದು ಇದನ್ನು ಮಾಡಿದ ಮೇಲೆ ಮೊಬೈಲ್ ರೇಡಿಯನ್‌ಗೆ ಬದಲಿಸಿದೆವು. 0.1ಕ್ಕೆ 0.99833, 0.01ಕ್ಕೆ 0.999983.

ಅಂಕಿಯ ಪಟ್ಟಿಯ ಮೇಲೆ ಅವಳಿಗೆ ಈಗ ಜಾಸ್ತಿ ನಂಬಿಕೆ ಬಂದಿತ್ತು. ಎಷ್ಟು ಸಾಲು ಬರೆದರೆ ಸಾಕು ಎಂದು ಕೇಳಿದಳು. ಅದಕ್ಕೆ ಸೈನ್ (ಪೈ/ಎಕ್ಸ್) ಕೊಟ್ಟೆ. 0.1, 0.01, 0.001 ಇಟ್ಟರೆ ಸೈನ್ 10ಪೈ, ಸೈನ್ 100ಪೈ, ಸೈನ್ 1000ಪೈ. ಎಲ್ಲವೂ ಸೊನ್ನೆ. ಲಿಮಿಟ್ ಸೊನ್ನೆ ಎಂದಳು. ಈಗ 2/5 ಇಡು ಅಂದೆ. ಸೈನ್ ಎರಡೂವರೆ ಪೈ, ಅಂದರೆ 1. 2/9 ಇಟ್ಟರೂ 1, 2/13 ಇಟ್ಟರೂ 1. ಸೊನ್ನೆಗೆ ಎಷ್ಟು ಹತ್ತಿರ ಹೋದರೂ 1 ಕೊಡುವ ಸಂಖ್ಯೆ ಸಿಗುತ್ತಲೇ ಇರುತ್ತದೆ, 0 ಕೊಡುವ ಸಂಖ್ಯೆಯೂ ಸಿಗುತ್ತಲೇ ಇರುತ್ತದೆ. ಲಿಮಿಟ್ ಇಲ್ಲ. ಪಟ್ಟಿ ಊಹೆ ಮಾಡಲು ಒಳ್ಳೆಯದು, ಸಾಧಿಸಲು ಸಾಲದು. ಪುಸ್ತಕದ ಪಟ್ಟಿಗಳ ಜೊತೆ ಈ ಒಂದು ಉದಾಹರಣೆಯನ್ನೂ ತಪ್ಪದೆ ಮಾಡಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಉಳಿದಿದ್ದ ಒಂದು ಗಂಟು

ಎರಡನೆಯ ಲೆಕ್ಕದ ಕಥೆ ಹೇಳುವುದು ಬಾಕಿ ಇದೆ. ಸೈನ್ 5ಎಕ್ಸ್ / ಸೈನ್ 3ಎಕ್ಸ್, ಉತ್ತರ 5/3, ಪೂರ್ತಿ ಅಂಕ. ಹೇಗೆ ಬಂತು ಎಂದು ಕೇಳಿದೆ. ‘ಸೈನ್ ಸೈನ್ ಹೊಡದ್ ಹೋಯ್ತು, ಎಕ್ಸ್ ಎಕ್ಸ್ ಹೊಡದ್ ಹೋಯ್ತು’ ಅಂದಳು!

ಉತ್ತರಪತ್ರಿಕೆಯಲ್ಲಿ ನಡುವಿನ ಹೆಜ್ಜೆ ಇರಲಿಲ್ಲ, ತಿದ್ದಿದವರಿಗೆ ಕಾಣಲು ದಾರಿಯೂ ಇರಲಿಲ್ಲ. ನಾನು ತಪ್ಪು ಎಂದು ಹೇಳಲಿಲ್ಲ. ಅದೇ ಲೆಕ್ಕವನ್ನು ಎಕ್ಸ್ ಸೊನ್ನೆಯ ಬದಲು ಪೈ/2ರ ಹತ್ತಿರ ಹೋದಾಗ ಮಾಡು ಎಂದೆ. ಅವಳ ದಾರಿಯಲ್ಲಿ ಹೋದರೆ ಇಲ್ಲೂ 5/3 ಬರಬೇಕು. ಆದರೆ ಸೈನ್ 5ಪೈ/2 ಅಂದರೆ 1. ಸೈನ್ 3ಪೈ/2 ಅಂದರೆ ಮೈನಸ್ 1. ಉತ್ತರ ಮೈನಸ್ 1. ಇಲ್ಲಿ 0/0 ಬರುವುದೇ ಇಲ್ಲ, ನೇರವಾಗಿ ಇಟ್ಟರೆ ಆಯಿತು.

ಸೈನ್ ಎನ್ನುವುದು ಒಂದು ಸಂಖ್ಯೆ ಅಲ್ಲ, ಗುಣಿಸಿ ಇಟ್ಟದ್ದೂ ಅಲ್ಲ, ಹಾಗಾಗಿ ಹೊಡೆಯಲು ಬರುವುದಿಲ್ಲ. 5/3 ಬರುವುದು ಬೇರೆ ಕಾರಣಕ್ಕೆ. ಸೈನ್ 5ಎಕ್ಸ್ ಅನ್ನು 5ಎಕ್ಸ್‌ನಿಂದ ಭಾಗಿಸಿದರೆ 1ಕ್ಕೆ ಹೋಗುತ್ತದೆ, ಸೈನ್ 3ಎಕ್ಸ್ ಅನ್ನು 3ಎಕ್ಸ್‌ನಿಂದ ಭಾಗಿಸಿದರೂ 1ಕ್ಕೆ ಹೋಗುತ್ತದೆ, ಉಳಿಯುವುದು 5ಎಕ್ಸ್/3ಎಕ್ಸ್. ಹೊಡೆದು ಹಾಕುವ ಆ ಎಕ್ಸ್ ಸೊನ್ನೆ ಅಲ್ಲ ಎಂದು ಅಲ್ಲಿಯೂ ಪಕ್ಕದಲ್ಲಿ ಬರೆದಳು. ಈ ಗಂಟು ಮಾತ್ರ ಒಂದೇ ಸಲಕ್ಕೆ ಬಿಚ್ಚಲಿಲ್ಲ. ಅವಸರದಲ್ಲಿ ಇದ್ದಾಗ ಈಗಲೂ ಅವಳ ಕೈ ಸೈನ್ ಹೊಡೆಯಲು ಹೋಗುತ್ತದೆ. ಟ್ಯಾನ್ ಬಂದರಂತೂ ಇನ್ನೂ ಜಾಸ್ತಿ. ಪ್ರತಿ ಸಲ ಬೇರೆ ಬಿಂದುವಿನಲ್ಲಿ ಅದೇ ಲೆಕ್ಕ ಮಾಡಿ ನೋಡುವ ಅಭ್ಯಾಸ ಹಚ್ಚಿದ್ದೇನೆ.

ಮುಂದಿನ ಟೆಸ್ಟ್‌ನಲ್ಲಿ ತುಂಡು ಫಂಕ್ಷನ್‌ನ ಲೆಕ್ಕ ಮತ್ತೆ ಬಂದಿತ್ತು. ಎಡ ಬಲ ಎರಡನ್ನೂ ತೆಗೆದು, ಎರಡೂ ಒಂದೇ ಅಲ್ಲ, ಲಿಮಿಟ್ ಇಲ್ಲ ಎಂದು ಬರೆದಿದ್ದಳು. ಹೊಡೆದು ಹಾಕುವ ಲೆಕ್ಕದಲ್ಲಿ ಪಕ್ಕಕ್ಕೆ ಬರೆದ ‘ಎಕ್ಸ್ 2 ಅಲ್ಲ’ ಎನ್ನುವ ಸಾಲಿನ ಕೆಳಗೆ ತಿದ್ದಿದವರು ಒಂದು ಗೆರೆ ಎಳೆದು ಸರಿ ಹಾಕಿದ್ದರು.

ಈಗ ಅವರು ಡೆರಿವೇಟಿವ್‌ಗೆ, ಅಂದರೆ ಆ ಕಲ್ಲಿನ ಕ್ಷಣದ ವೇಗದಂಥ ಲಿಮಿಟ್‌ಗೆ ಬಂದಿದ್ದಾರೆ. ಕೋಚಿಂಗ್‌ಗೆ ಹೋಗುವ ಇನ್ನೊಬ್ಬ ಹುಡುಗಿ ಲೋಪಿಟಾಲ್ ನಿಯಮ ಹೇಳಿಕೊಟ್ಟಿದ್ದಳು. 0/0 ಬಂದರೆ ಮೇಲೆ ಕೆಳಗೆ ಡೆರಿವೇಟಿವ್ ತೆಗೆ, ಸೈನ್ ಎಕ್ಸ್ / ಎಕ್ಸ್ ಒಂದೇ ಸಾಲಿನಲ್ಲಿ ಕಾಸ್ ಎಕ್ಸ್ / 1 ಆಗಿ 1 ಬರುತ್ತದೆ, ಆ ವೃತ್ತದ ಚಿತ್ರ ಎಲ್ಲ ಯಾಕೆ ಎಂದು. ನಿಯಮ ಸರಿಯಾದದ್ದೇ, ಪರೀಕ್ಷೆಯಲ್ಲಿ ಹೊತ್ತು ಉಳಿಸುವುದೂ ಹೌದು. ಆದರೆ ಅದೇ ವಾರ ನಾವು ಸೈನ್‌ನ ಡೆರಿವೇಟಿವ್ ಅನ್ನು ಮೊದಲಿನಿಂದ ತೆಗೆದಿದ್ದೆವು. ಅದರ ನಡುವಿನ ಒಂದು ಸಾಲಿನಲ್ಲಿ ಸೈನ್ ಎಚ್ / ಎಚ್ 1ಕ್ಕೆ ಹೋಗುತ್ತದೆ ಎನ್ನುವುದು ಬೇಕೇ ಬೇಕು. ನಮ್ಮ ಹುಡುಗಿ ಆ ಪುಟ ತೆರೆದು ಆ ಕೋಚಿಂಗ್ ಹುಡುಗಿಯ ಮುಂದೆ ಇಟ್ಟಳು.

‘ಸೈನ್‌ದ್ ಡೆರಿವೇಟಿವ್ ಕಾಸ್ ಅಂತ ಎಲ್ಲಿಂದ ಗೊತ್ತಾತು? ಇದರಿಂದ. ಇದು ಎಲ್ಲಿಂದ ಗೊತ್ತಾತು ಅಂದ್ರ ಮತ್ತ ಡೆರಿವೇಟಿವ್‌ನಿಂದ ಅಂತಿ. ಮೊದಲ ಯಾವ್ದು?’

ಆ ಹುಡುಗಿ ಸ್ವಲ್ಪ ಹೊತ್ತು ಪುಟ ನೋಡಿ, ವೃತ್ತದ ಚಿತ್ರ ಮತ್ತೊಮ್ಮೆ ಹಾಕಿ ತೋರಿಸು ಎಂದಳು. ಇಬ್ಬರೂ ಕಂಪಾಸ್ ತೆಗೆದುಕೊಂಡು ಕುಳಿತರು.